ಕಿವಿಗೆ ತಕ್ಕ ಮಿಷಿನು



ಮುಂಬಯಿಯ ವಿಕ್ರೋಳಿಯಲ್ಲಿ ಕಿವಿ ಪರೀಕ್ಷೆ ಮಾಡುವುದು ನನ್ನ ಕೆಲಸ. ಸ್ಟೇಷನ್ನಿನ ಪೂರ್ವಕ್ಕೆ ಕನ್ನಮ್‌ವಾರ್ ನಗರ, ಟಾಗೋರ್ ನಗರ. ಪಶ್ಚಿಮಕ್ಕೆ ಎಲ್‌ಬಿಎಸ್ ರಸ್ತೆ, ಪಾರ್ಕ್ ಸೈಟ್. ಎರಡೂ ಕಡೆಯಿಂದ ಜನ ಬರುತ್ತಾರೆ. ಅವರಲ್ಲಿ ನಮ್ಮ ಕನ್ನಡದವರೂ ತುಳುವರೂ ಸಾಕಷ್ಟು. ಹೋಟೆಲಿನಲ್ಲಿ ಆಯುಷ್ಯ ಕಳೆದವರು. ಕಾರ್ಖಾನೆಯಿಂದ ನಿವೃತ್ತರಾದವರು. ಮಗಳ ಬಾಣಂತನಕ್ಕೆಂದು ಊರಿನಿಂದ ಬಂದು ಇಲ್ಲೇ ಉಳಿದುಬಿಟ್ಟ ಅಮ್ಮಂದಿರು. ಕುರ್ಚಿಯಲ್ಲಿ ಕೂತ ಕೂಡಲೇ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ. ‘ಹೊರಗೆ ಕಾಣದ ಹಾಗೆ ಇರುವ ಮಿಷಿನ್ ಉಂಟಾ ಡಾಕ್ಟ್ರೇ?’

ಉಂಟು. ಆದರೆ ಅದು ನಿಮ್ಮ ಕಿವಿಗೆ ಆಗುತ್ತದೆಯೇ ಎಂಬುದು ಬೇರೆ ಮಾತು. ಇವತ್ತು ನಾನು ಹೇಳಹೊರಟಿರುವುದು ಆ ಬೇರೆ ಮಾತನ್ನೇ.

ಕನ್ನಡಕ ಹಾಕಿಕೊಳ್ಳುವುದಕ್ಕೆ ಯಾರೂ ನಾಚುವುದಿಲ್ಲ. ಚೆಂದದ ಫ್ರೇಮು ಹುಡುಕುತ್ತಾರೆ. ಕಿವಿಯ ವಿಷಯ ಬಂದಾಗ ಮಾತ್ರ ಮುಚ್ಚಿಡಬೇಕು ಅನ್ನಿಸುತ್ತದೆ. ‘ಕೆಪ್ಪ’ ಅಂತ ಕರೆಸಿಕೊಳ್ಳುವುದು ಯಾರಿಗೂ ಬೇಡ. ಅದು ನನಗೆ ಅರ್ಥವಾಗುತ್ತದೆ. ಆದರೆ ಒಂದು ಸಂಗತಿ ಗಮನಿಸಿ. ಮಿಷಿನು ಹಾಕಿದ್ದು ನಾಲ್ಕು ಜನಕ್ಕೆ ಕಾಣುವ ಮೊದಲೇ, ಕೇಳಿಸುವುದಿಲ್ಲ ಎಂಬುದು ನಲವತ್ತು ಜನಕ್ಕೆ ಗೊತ್ತಾಗಿರುತ್ತದೆ. ಟೀವಿಯ ಸದ್ದು ಪಕ್ಕದ ಮನೆಯವರಿಗೂ ಕೇಳಿಸುತ್ತಿರುತ್ತದೆ.

ಈಗ ಮಿಷಿನುಗಳ ಆಕಾರ ನೋಡೋಣ. ಬಾನುಲಿಯಲ್ಲಿ ತೋರಿಸುವುದಕ್ಕೆ ಆಗುವುದಿಲ್ಲ. ಹಾಗಾಗಿ ನಿಮ್ಮ ಕೈಯನ್ನು ನಿಮ್ಮ ಕಿವಿಯ ಮೇಲೆ ಇಟ್ಟುಕೊಳ್ಳಿ. ನಾನು ಹೇಳಿದಲ್ಲಿ ಬೆರಳು ಹೋಗಲಿ.

ಮೊದಲು ಕಿವಿಯ ಹಿಂಭಾಗ. ಕನ್ನಡಕದ ಕಡ್ಡಿ ಕೂರುತ್ತದಲ್ಲ, ಆ ಸಂದು. ಬಾಳೆಕಾಯಿಯಂತೆ ಬಾಗಿದ, ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ಮಿಷಿನು ಅಲ್ಲಿ ಕೂರುತ್ತದೆ. ಅದರಿಂದ ಒಂದು ಪಾರದರ್ಶಕ ಕೊಳವೆ ಕಿವಿಯ ಮೇಲಿಂದ ಮುಂದಕ್ಕೆ ಇಳಿದು ಬರುತ್ತದೆ. ಕೊಳವೆಯ ತುದಿಯಲ್ಲಿ ನಿಮ್ಮ ಕಿವಿಯ ಅಚ್ಚಿನಂತೆಯೇ ಮಾಡಿದ ಮೋಲ್ಡ್. ಇದು ಕಿವಿಯ ಹಿಂದಿನ ಮಿಷಿನು. ಅಂಗಡಿಯಲ್ಲಿ ಬಿಟಿಇ ಎನ್ನುತ್ತಾರೆ.

ಎರಡನೆಯದೂ ಕಿವಿಯ ಹಿಂದೆಯೇ ಕೂರುತ್ತದೆ. ಆದರೆ ಇನ್ನೂ ಸಣ್ಣದು. ಕೊಳವೆಯ ಬದಲು ಕೂದಲಿನಷ್ಟು ತೆಳ್ಳಗಿನ ತಂತಿ. ಸದ್ದು ಹೊರಡಿಸುವ ಪುಟ್ಟ ಸ್ಪೀಕರು ತಂತಿಯ ತುದಿಯಲ್ಲಿ, ಕಿವಿಯ ಒಳಗೇ ಇರುತ್ತದೆ. ಅದಕ್ಕೊಂದು ಮೆತ್ತನೆಯ ರಬ್ಬರಿನ ಟೋಪಿ. ಇದಕ್ಕೆ ಆರ್‌ಐಸಿ ಎಂದು ಹೆಸರು. ಈಚೆಗೆ ಹೆಚ್ಚು ಜನ ಕೊಳ್ಳುತ್ತಿರುವುದು ಇದನ್ನು.

ಈಗ ಬೆರಳನ್ನು ಮುಂದಕ್ಕೆ ತನ್ನಿ. ಕಿವಿಯ ಬಟ್ಟಲಿನಂಥ ಗುಳಿಯಲ್ಲಿ ಇಡಿ. ಈ ಗುಳಿಯನ್ನೆಲ್ಲ ತುಂಬುವ ಮಿಷಿನು ಉಂಟು. ಅದಕ್ಕಿಂತ ಸಣ್ಣದು ಕಿವಿಯ ತೂತಿನ ಬಾಯಲ್ಲಿ ಕೂರುತ್ತದೆ. ಇನ್ನೂ ಸಣ್ಣದು ತೂತಿನ ಒಳಗೇ ಇಳಿದುಬಿಡುತ್ತದೆ. ಹೊರಗೆ ಉಳಿಯುವುದು ಎಳೆದು ತೆಗೆಯುವುದಕ್ಕೆ ಒಂದು ಸಣ್ಣ ದಾರ ಮಾತ್ರ. ಎಲ್ಲರೂ ಕೇಳುವ ‘ಕಾಣದ ಮಿಷಿನು’ ಇದೇ. ಇವಕ್ಕೆಲ್ಲ ಕಿವಿಯ ಅಳತೆ ತೆಗೆಯಬೇಕು. ಮೊದಲು ದಾರ ಕಟ್ಟಿದ ಹತ್ತಿಯ ಉಂಡೆಯನ್ನು ಒಳಗಿಡುತ್ತೇವೆ. ಅದರ ಮೇಲೆ ಮೆತ್ತನೆಯ ಸಿಲಿಕೋನು ತುಂಬುತ್ತೇವೆ. ಐದು ನಿಮಿಷ ತಣ್ಣಗೆ ಕೂತಿರಬೇಕು. ಗಟ್ಟಿಯಾದ ಮೇಲೆ ಹೊರಗೆ ತೆಗೆದರೆ ನಿಮ್ಮ ಕಿವಿಯ ಒಳಗಿನ ತಿರುವು ಅಂಗೈಯಲ್ಲಿ ಕಾಣುತ್ತದೆ. ಹೆಚ್ಚಿನವರು ಅದನ್ನು ನೋಡಿ, ‘ಇಷ್ಟು ಡೊಂಕಾ?’ ಎಂದು ನಗುತ್ತಾರೆ.

ಜೇಬಿನಲ್ಲಿ ಪೆಟ್ಟಿಗೆ ಇಟ್ಟು, ವಯರು ಎಳೆದು ಕಿವಿಗೆ ಸಿಕ್ಕಿಸಿಕೊಳ್ಳುವ ಹಳೆಯ ಮಿಷಿನು ನಿಮಗೆ ನೆನಪಿರಬಹುದು. ಅಂಗಿ ಅಲುಗಿದರೂ ಅದರಲ್ಲಿ ಬರಬರ ಸದ್ದು. ಈಗ ಅದು ತೀರ ಕಡಿಮೆಯಾಗಿದೆ. ಕೈ ಬಹಳ ನಡುಗುವವರಿಗೆ ಇವತ್ತಿಗೂ ಕೆಲವೊಮ್ಮೆ ಅದೇ ಒಳ್ಳೆಯದು.

ಹೀಗೆ ಕಿವಿಯ ಹಿಂದಿನದು, ತಂತಿಯದು, ಕಿವಿಯ ಒಳಗಿನದು ಎಂದು ಮುಖ್ಯವಾಗಿ ಮೂರು ಬಗೆ. ಇವುಗಳಲ್ಲಿ ನಿಮಗೆ ಯಾವುದು? ಅದನ್ನು ಮೊದಲು ನಿರ್ಧರಿಸುವುದು ನಿಮ್ಮ ಕಿವುಡು ಎಷ್ಟು, ಎಂಥದು ಎಂಬುದು.

ಎಷ್ಟು ಎಂಬುದನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತೇವೆ. ಎದುರು ಕೂತು ಸಹಜವಾಗಿ ಆಡುವ ಮಾತು ಸುಮಾರು 60 ಡೆಸಿಬೆಲ್. 25ರ ಸದ್ದೇ ಕೇಳಿಸುವವರ ಕಿವಿ ಚೆನ್ನಾಗಿದೆ. 40ರವರೆಗೆ ಏರಿಸಿದರೆ ಕೇಳಿಸುತ್ತದೆ ಎಂದರೆ ಸ್ವಲ್ಪ ಮಂದ. 70ರವರೆಗೆ ಮಧ್ಯಮ. 90ರವರೆಗೆ ತೀವ್ರ. ಅದರ ಮೇಲೆ ಅತಿ ತೀವ್ರ. ಕಿವಿಯೊಳಗೆ ಅಡಗುವ ಸಣ್ಣ ಮಿಷಿನು ಸ್ವಲ್ಪ ಮಂದ ಇರುವವರಿಗೆ, ಮಧ್ಯಮ ಇರುವವರಿಗೆ ಸಾಕು. ಅದರಾಚೆಗೆ ಅದರ ಕಸುವು ಸಾಲದು.

ಯಾಕೆ ಸಾಲದು? ಮಿಷಿನಿನಲ್ಲಿ ಸದ್ದು ಹಿಡಿಯುವ ಮೈಕು ಒಂದು, ಸದ್ದು ಕೊಡುವ ಸ್ಪೀಕರು ಒಂದು. ಸಣ್ಣ ಮಿಷಿನಿನಲ್ಲಿ ಇವೆರಡೂ ಮೈಗೆ ಮೈ ಅಂಟಿಕೊಂಡಿರುತ್ತವೆ. ಸದ್ದು ಏರಿಸಿದಷ್ಟೂ ಸ್ಪೀಕರಿನ ಸದ್ದು ಸೋರಿ ಮತ್ತೆ ಮೈಕಿಗೆ ನುಗ್ಗುತ್ತದೆ. ಕುಂಯ್ ಎಂದು ಸಿಳ್ಳೆ ಶುರು. ಮದುವೆ ಹಾಲಿನಲ್ಲಿ ಮೈಕು ಸಿಳ್ಳೆ ಹಾಕುವುದೂ ಇದೇ ಕಾರಣಕ್ಕೆ. ಈಗಿನ ಮಿಷಿನುಗಳು ಸಿಳ್ಳೆಯನ್ನು ಗುರುತಿಸಿ ಅಡಗಿಸುತ್ತವೆ, ನಿಜ. ಆದರೆ ಅದಕ್ಕೂ ಒಂದು ಮಿತಿ ಉಂಟು. ಕಿವಿಯ ಹಿಂದಿನ ಮಿಷಿನಿನಲ್ಲಿ ಮೈಕು ಹಿಂದೆ, ಸದ್ದು ಹೊರಡುವ ಬಾಯಿ ಮುಂದೆ. ನಡುವೆ ಬಿಗಿಯಾದ ಮೋಲ್ಡ್. ಹಾಗಾಗಿ ತೀವ್ರ ಕಿವುಡಿಗೆ ಅದೇ ಗತಿ.

ಎಷ್ಟು ಎಂಬುದಾಯಿತು. ಇನ್ನು ಎಂಥದು ಎಂಬುದು. ವಿಕ್ರೋಳಿಯಲ್ಲಿ ಇದನ್ನು ಬಿಡಿಸಿಯೇ ಹೇಳಬೇಕು. ಇದು ತಗಡು, ಕಬ್ಬಿಣ, ಅಚ್ಚುಗಳ ಊರು. ದೇಶದ ಮೊದಲ ಮಹಾಚುನಾವಣೆ ನಡೆದದ್ದು 1951-52ರಲ್ಲಿ. ಅದರ ಉಕ್ಕಿನ ಮತಪೆಟ್ಟಿಗೆಗಳನ್ನು ಲಕ್ಷಗಟ್ಟಲೆ ಮಾಡಿ ಕಳಿಸಿದ್ದು ಇಲ್ಲಿಯ ಗೋದ್ರೆಜ್ ಕಾರ್ಖಾನೆ. ಆಮೇಲೆ ಎಲ್‌ಬಿಎಸ್ ರಸ್ತೆಯ ಉದ್ದಕ್ಕೂ ಎಷ್ಟೋ ಸಣ್ಣ ಪುಟ್ಟ ವರ್ಕ್‌ಶಾಪುಗಳು ಬಂದವು, ಹೋದವು. ಲೋಹ ಬಡಿಯುವ ಕೆಲಸ ಎಲ್ಲಿ ನಡೆದರೂ ಸದ್ದು ಇದ್ದದ್ದೇ. ಎಂಟು ಗಂಟೆಯ ಪಾಳಿಗೆ 90 ಡೆಸಿಬೆಲ್ ಮೀರಬಾರದು ಎಂದು ನಮ್ಮ ಕಾರ್ಖಾನೆ ನಿಯಮ ಹೇಳುತ್ತದೆ. ಸದ್ದಿನಲ್ಲಿ ವರ್ಷಗಟ್ಟಲೆ ದುಡಿದ ಕಿವಿ ಒಂದೇ ಸಲಕ್ಕೆ ಕೆಡುವುದಿಲ್ಲ. ಮೊದಲು ಕೆಡುವುದು ಚೂಪು ಸದ್ದುಗಳ ಭಾಗ. ದಪ್ಪ ಸದ್ದುಗಳ ಭಾಗ ಚೆನ್ನಾಗಿಯೇ ಉಳಿದಿರುತ್ತದೆ. ವಯಸ್ಸಾಗಿ ಬರುವ ಕಿವುಡಿನಲ್ಲೂ ಬಹುಮಟ್ಟಿಗೆ ಹೀಗೆಯೇ.

ಇದರಿಂದ ಏನಾಗುತ್ತದೆ? ಆ, ಈ, ಊ ಎಂಬ ಸ್ವರಗಳು ಕೇಳಿಸುತ್ತವೆ. ಸ, ಶ, ತ, ಕ ಮುಂತಾದ ವ್ಯಂಜನಗಳು ಜಾರಿಹೋಗುತ್ತವೆ. ಮನೆಯಲ್ಲಿ ‘ತಟ್ಟೆ’ ಅಂದರೆ ‘ಕಟ್ಟೆ’ ಅನ್ನಿಸುತ್ತದೆ. ಪೇಟೆಯಲ್ಲಿ ತರಕಾರಿಯವನು ‘ಸಾಠ್’ ಅಂದರೆ ‘ಆಠ್’ ಎಂದು ಕೇಳಿಸುತ್ತದೆ. ಅರುವತ್ತು ಹೋಗಿ ಎಂಟಾಯಿತು! ಈ ಕಾಲದಲ್ಲಿ ಎಂಟು ರೂಪಾಯಿಗೆ ಕಾಲು ಕಿಲೋ ಬೆಂಡೆಯೂ ಬರುವುದಿಲ್ಲ ಎಂಬ ಲೋಕಜ್ಞಾನ ಇರುವುದರಿಂದ ಅವರು ಅರುವತ್ತೇ ಇರಬೇಕು ಎಂದು ಊಹಿಸಿ ದುಡ್ಡು ಕೊಡುತ್ತಾರೆ. ದಿನವಿಡೀ ಹೀಗೆ ಊಹಿಸಿ ಊಹಿಸಿ ಸಂಜೆಗೆ ತಲೆ ಚಿಟ್ಟು ಹಿಡಿಯುತ್ತದೆ. ‘ಕೇಳಿಸುತ್ತದೆ, ತಿಳಿಯುವುದಿಲ್ಲ’ ಎಂದು ಅವರು ಹೇಳುವುದು ಅಕ್ಷರಶಃ ನಿಜ. ಮನೆಯವರು ಮಾತ್ರ, ‘ಬೇಕಾದ್ದೆಲ್ಲ ಕೇಳಿಸುತ್ತದೆ ಇವರಿಗೆ’ ಎಂದು ಸಿಡಿಯುತ್ತಾರೆ.

ಇಂಥವರಿಗೆ ಕಿವಿಯನ್ನು ಬಿಗಿಯಾಗಿ ಮುಚ್ಚುವ ಮಿಷಿನು ಕೊಟ್ಟರೆ ಏನಾಗುತ್ತದೆ ಎಂಬುದನ್ನು ನೀವೇ ಈಗ ಪರೀಕ್ಷೆ ಮಾಡಿ. ಎರಡೂ ಕಿವಿಯ ತೂತನ್ನು ಬೆರಳಿನಿಂದ ಮುಚ್ಚಿ. ‘ಈ...’ ಎಂದು ರಾಗ ಎಳೆಯಿರಿ. ನಿಮ್ಮ ಸ್ವರ ತಲೆಯೊಳಗೇ ಗುಂಯ್‌ಗುಟ್ಟಿತಲ್ಲ? ಬೆರಳು ತೆಗೆಯಿರಿ. ಸ್ವರ ಹಗುರಾಯಿತು. ಮಾತನಾಡುವಾಗ ಸ್ವರದ ಅದುರು ಎಲುಬಿನ ಮೂಲಕ ಕಿವಿಯ ಕೊಳವೆಗೂ ಬರುತ್ತದೆ. ಕೊಳವೆಯ ಬಾಯಿ ತೆರೆದಿದ್ದರೆ ಹೊರಗೆ ಹೋಗುತ್ತದೆ. ಮುಚ್ಚಿದ್ದರೆ ಅಲ್ಲೇ ಉಳಿದು ಗುಂಯ್ ಅನ್ನುತ್ತದೆ. ದಪ್ಪ ಸದ್ದು ಚೆನ್ನಾಗಿ ಕೇಳಿಸುವ ಕಿವಿಗೆ ಇದು ದೊಡ್ಡ ಹಿಂಸೆ. ಊಟಕ್ಕೆ ಕೂತರೆ ಚಪಾತಿ ಅಗಿಯುವುದೂ ಜಲ್ಲಿ ಅರೆದಂತೆ ಕೇಳಿಸುತ್ತದೆ. ಎರಡು ವಾರದಲ್ಲಿ ಮಿಷಿನು ಅಲಮಾರು ಸೇರುತ್ತದೆ. ಅಂಥವರಿಗೆ ತಂತಿಯ ಮಿಷಿನು, ತೂತುಗಳಿರುವ ಹಗುರ ರಬ್ಬರಿನ ಟೋಪಿ ಒಳ್ಳೆಯದು. ದಪ್ಪ ಸದ್ದು ತಾನಾಗಿ ಒಳಗೆ ಬರುತ್ತದೆ. ಚೂಪು ಸದ್ದನ್ನು ಮಿಷಿನು ಸೇರಿಸಿ ಕೊಡುತ್ತದೆ.

ಕಿವಿ ಸೋರುವವರಿಗೂ ಒಂದು ಮಾತು. ಕೀವು ಬರುವ ಕಿವಿಯನ್ನು ಮೋಲ್ಡಿನಿಂದ ಮುಚ್ಚಬಾರದು. ಮೊದಲು ಕಿವಿ-ಮೂಗು-ಗಂಟಲಿನ ಡಾಕ್ಟರರಿಗೆ ತೋರಿಸಿ. ಸೋರುವುದು ನಿಲ್ಲದವರಿಗೆ ಎಲುಬಿನ ಮೂಲಕ ಸದ್ದು ಮುಟ್ಟಿಸುವ ಬೇರೆ ಮಿಷಿನು ಉಂಟು. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು. ನಿನ್ನೆ ಕೇಳಿಸುತ್ತಿದ್ದ ಕಿವಿ ಇವತ್ತು ಇದ್ದಕ್ಕಿದ್ದಂತೆ ಕೇಳಿಸದೆ ಹೋದರೆ ಮಿಷಿನಿನ ಯೋಚನೆಯೇ ಬೇಡ. ಅದೇ ದಿನ ಡಾಕ್ಟರರ ಬಳಿ ಓಡಿ. ಔಷಧಿಗೆ ಜಗ್ಗುವ ಕಾಲ ಕೆಲವೇ ದಿನ.

ಕಿವುಡು ಎಷ್ಟು, ಎಂಥದು ಎಂದು ನೋಡಿದೆವು. ತೀವ್ರವಾದರೆ ಕಿವಿಯ ಹಿಂದಿನದು, ಚೂಪು ಸದ್ದು ಮಾತ್ರ ಹೋಗಿದ್ದರೆ ತಂತಿಯದು ಎಂದೆವು. ಈಗ ಕಿವಿ ಬಿಟ್ಟು ಬೆರಳಿಗೆ ಬರೋಣ.

ಮಿಷಿನಿಗೆ ಸೆಲ್ ಹಾಕಬೇಕು. ಸೆಲ್‌ಗಳಿಗೆ ನಂಬರು ಉಂಟು, ಪೊಟ್ಟಣಕ್ಕೆ ಬಣ್ಣ ಉಂಟು. ತೀರ ಸಣ್ಣದು 10ನೇ ನಂಬರು, ಹಳದಿ. ಅದರ ಅಗಲ ಸುಮಾರು ಆರು ಮಿಲಿಮೀಟರು, ತೊಗರಿಬೇಳೆಯಷ್ಟು. ಆಮೇಲೆ 312, ಕಂದು. 13, ಕಿತ್ತಳೆ. ಎಲ್ಲಕ್ಕಿಂತ ದೊಡ್ಡದು 675, ನೀಲಿ. ಕಾಣದ ಮಿಷಿನಿಗೆ ಹಳದಿ ಸೆಲ್. ಅದು ನಾಲ್ಕೈದು ದಿನಕ್ಕೇ ಮುಗಿಯುತ್ತದೆ. ಕಂದು ಸುಮಾರು ವಾರ ಬರುತ್ತದೆ. ಕಿತ್ತಳೆಯದು ಅದಕ್ಕೂ ಹೆಚ್ಚು. ಎಪ್ಪತ್ತೈದು ವಯಸ್ಸಿನ, ಸಕ್ಕರೆ ಕಾಯಿಲೆಯಿಂದ ಬೆರಳ ತುದಿ ಜೋಮು ಹಿಡಿದ, ಕಣ್ಣಿಗೆ ಪೊರೆ ಬಂದ ಅಜ್ಜಿಯನ್ನು ನೆನೆದುಕೊಳ್ಳಿ. ಸೆಲ್ಲಿನ ಮೇಲಿನ ಸ್ಟಿಕ್ಕರು ಕೀಳಬೇಕು. ಅದರ ತೂತುಗಳೊಳಗೆ ಗಾಳಿ ಹೋಗಲು ಒಂದೆರಡು ನಿಮಿಷ ಬಿಡಬೇಕು. ಅಡಿಮೇಲು ಆಗದ ಹಾಗೆ ಗೂಡಿನಲ್ಲಿ ಕೂರಿಸಬೇಕು. ಕೈತಪ್ಪಿ ಬಿದ್ದರೆ ಮಂಚದ ಕೆಳಗೆ ಹುಡುಕುವವರು ಯಾರು? ಸೊಸೆ ಬೆಳಿಗ್ಗೆ ಎಂಟಕ್ಕೆ ಲೋಕಲ್ ಹಿಡಿದರೆ ಮರಳುವುದು ರಾತ್ರಿ ಎಂಟಕ್ಕೆ.

ಹಾಗಾಗಿ ನಾನು ಅಳತೆ ತೆಗೆಯುವ ಮೊದಲು ಒಂದು ಖಾಲಿ ಮಿಷಿನು ಕೈಗೆ ಕೊಡುತ್ತೇನೆ. ಸೆಲ್ ತೆಗೆದು ಹಾಕಿ ಎನ್ನುತ್ತೇನೆ. ಕಿವಿಗೆ ಇಟ್ಟುಕೊಳ್ಳಿ, ತೆಗೆಯಿರಿ ಎನ್ನುತ್ತೇನೆ. ಮಕ್ಕಳು ಸಹಾಯಕ್ಕೆ ಕೈ ಚಾಚಿದರೆ ತಡೆಯುತ್ತೇನೆ. ಯಾವ ಮಿಷಿನು ಎಂಬ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿಬಿಡುತ್ತದೆ. ಚಾರ್ಜು ಮಾಡುವ ಮಿಷಿನುಗಳು ಈಗ ಬಂದಿವೆ. ರಾತ್ರಿ ಡಬ್ಬಿಯಲ್ಲಿಟ್ಟರೆ ಮರುದಿನ ಪೂರ್ತಿ ನಡೆಯುತ್ತದೆ. ನಡುಗುವ ಬೆರಳಿಗೆ ಅದು ದೊಡ್ಡ ಉಪಕಾರ. ಆದರೆ ಬೆಲೆ ಹೆಚ್ಚು. ಊರಿಗೆ ಹೋಗುವಾಗ ಚಾರ್ಜರು ಮರೆತರೆ ಮರುದಿನದಿಂದಲೇ ಮೌನವ್ರತ.

ಬೆರಳಿನ ಮಾತಾಯಿತು. ಈಗ ಮಳೆಯ ಮಾತು. ಮುಂಬಯಿಯಲ್ಲಿ ಮಿಷಿನಿಗೆ ದೊಡ್ಡ ಶತ್ರು ತೇವ. ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆಯೇ ಬೆವರುತ್ತದೆ. ಉಳಿದ ಕಾಲಕ್ಕೆ ನಾವು ಬೆವರುತ್ತೇವೆ. ಕಿವಿಯ ಒಳಗಿನ ಮಿಷಿನಿಗೆ ಗುಗ್ಗೆಯೂ ಬೆವರೂ ಎರಡೂ ನೇರವಾಗಿ ತಾಗುತ್ತವೆ. ತಂತಿಯ ಮಿಷಿನಿನಲ್ಲಿ ಒಳಗಿರುವ ಸ್ಪೀಕರಿಗೆ ಮಾತ್ರ ಈ ಕಷ್ಟ. ಕೆಟ್ಟರೆ ಅದೊಂದನ್ನು ಬದಲಿಸಬಹುದು. ಕಿವಿಯ ಹಿಂದಿನ ಮಿಷಿನಿನಲ್ಲಿ ಕೊಳವೆಯೊಳಗೆ ನೀರಿನ ಹನಿ ನಿಂತು ಸದ್ದು ಕಟ್ಟುತ್ತದೆ. ಕೊಳವೆ ಬಿಚ್ಚಿ ಊದಿದರೆ ಸರಿಹೋಗುತ್ತದೆ. ಅಡುಗೆಮನೆಯ ಹಬೆಯಲ್ಲಿ, ಭಟ್ಟಿಯ ಮುಂದೆ ನಿಲ್ಲುವವರಿಗೆ ಹಿಂದಿನದೇ ವಾಸಿ ಎಂದು ನನ್ನ ಅನುಭವ.

ರಾತ್ರಿ ಮಿಷಿನನ್ನು ಸಿಲಿಕಾ ಹರಳು ಇರುವ ಡಬ್ಬಿಯಲ್ಲಿ ಇಡಿ. ಮೊದಲು ಸೆಲ್ ಹೊರಗೆ ತೆಗೆಯಿರಿ. ಅಕ್ಕಿ ಡಬ್ಬಿಯಲ್ಲಿ ಹುಗಿಯುವವರು ಬಹಳ ಜನ. ದಯವಿಟ್ಟು ಬೇಡ. ಅಕ್ಕಿಯ ಹುಡಿ ಮೈಕಿನ ತೂತಿಗೆ ಸೇರುತ್ತದೆ. ಒಲೆಯ ಹತ್ತಿರ ಕಾಯಿಸುವುದೂ ಬೇಡ.

ಕಿವಿ, ಬೆರಳು, ತೇವ ಮೂರನ್ನೂ ನೋಡಿದೆವು. ನಾಲ್ಕನೆಯದು, ನೀವು ದಿನದ ಹೆಚ್ಚು ಹೊತ್ತು ಎಲ್ಲಿರುತ್ತೀರಿ ಎಂಬುದು. ಗಲ್ಲಾದಲ್ಲಿ ಕೂರುವ ಹೋಟೆಲಿನವರನ್ನು ತೆಗೆದುಕೊಳ್ಳಿ. ಹಿಂದೆ ಪಾತ್ರೆ ತೊಳೆಯುವ ಗಲಾಟೆ. ಮೇಲೆ ಫ್ಯಾನು. ಎದುರು ಗಿರಾಕಿ. ಆಚೆಯಿಂದ ಹುಡುಗ ‘ಎರಡು ಇಡ್ಲಿ, ಒಂದು ವಡೆ, ಎರಡು ಚಾ’ ಎಂದು ಬಿಲ್ಲು ಕೂಗುತ್ತಾನೆ. ಇಲ್ಲಿ ಬೇಕಾದದ್ದು ಎದುರಿನ ಮಾತನ್ನು ಹಿಡಿದು ಹಿಂದಿನ ಗಲಾಟೆಯನ್ನು ತಗ್ಗಿಸುವ ಮಿಷಿನು. ಅದಕ್ಕೆ ಎರಡು ಮೈಕು ಬೇಕು, ಒಂದರ ಹಿಂದೆ ಒಂದು, ನಡುವೆ ಸ್ವಲ್ಪ ಅಂತರ. ಕಿವಿಯ ಹಿಂದೆ ಅದಕ್ಕೆ ಜಾಗ ಉಂಟು. ತೂತಿನೊಳಗೆ ಅಡಗುವ ಮಿಷಿನಿನಲ್ಲಿ ಒಂದೇ ಮೈಕಿಗೆ ಜಾಗ. ಅಂದರೆ ಗಲಾಟೆಯ ನಡುವೆ ದುಡಿಯುವವರು ಕಾಣದ ಮಿಷಿನು ಹಾಕಿದರೆ ಗಿರಾಕಿಗೆ ಮಿಷಿನೂ ಕಾಣುವುದಿಲ್ಲ, ಇವರಿಗೆ ಗಿರಾಕಿಯ ಮಾತೂ ತಿಳಿಯುವುದಿಲ್ಲ.

ಇನ್ನು ಮನೆಯಲ್ಲೇ ಇರುವ ಅಮ್ಮಂದಿರು. ಅವರಿಗೆ ಮುಖ್ಯ ಫೋನು. ಊರಿನ ತಂಗಿಯೊಡನೆ ಸಂಜೆ ಅರ್ಧ ಗಂಟೆ ಮಾತು. ಮಿಷಿನಿಗೆ ಮೊಬೈಲನ್ನು ಜೋಡಿಸಬಹುದು. ಎರಡೂ ಕಿವಿಗೆ ನೇರ ಸದ್ದು ಬರುತ್ತದೆ. ತೀರ ಸಣ್ಣ ಮಿಷಿನುಗಳಲ್ಲಿ ಈ ಸೌಕರ್ಯ ಬಹುಮಟ್ಟಿಗೆ ಇರುವುದಿಲ್ಲ. ಕೊಳ್ಳುವ ಮೊದಲು ನಿಮ್ಮದೇ ಫೋನು ಕೊಟ್ಟು ಜೋಡಿಸಿ ತೋರಿಸಿ ಎನ್ನಿ.

ಇಲ್ಲಿ ಕನ್ನಡಿಗರಿಗೆಂದೇ ಒಂದು ಸೂಚನೆ. ಮಿಷಿನು ಹಾಕಿ ಮಾತು ಎಷ್ಟು ತಿಳಿಯುತ್ತದೆ ಎಂದು ನೋಡಲು ಪದಗಳನ್ನು ಹೇಳಿಸುತ್ತಾರೆ. ಮುಂಬಯಿಯಲ್ಲಿ ಆ ಪದಗಳು ಹೆಚ್ಚಾಗಿ ಮರಾಠಿಯವು, ಇಲ್ಲವೇ ಹಿಂದಿಯವು. ಊರಿನಿಂದ ಬಂದ ಅಮ್ಮನಿಗೆ ಹಿಂದಿಯ ಪದ ತಿಳಿಯದಿದ್ದರೆ ಅದು ಕಿವಿಯ ದೋಷವಲ್ಲ. ಆದರೆ ಕಾಗದದ ಮೇಲೆ ಅಂಕ ಕಡಿಮೆಯಾಗುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆಂದೇ ಕನ್ನಡದ ಪದಪಟ್ಟಿಗಳು ತಯಾರಾಗಿವೆ. 1960ರ ದಶಕದಿಂದ ಕೆಲಸ ಮಾಡುತ್ತಿರುವ ಸಂಸ್ಥೆ ಅದು. ಕನ್ನಡದ ಪಟ್ಟಿ ಇದೆಯೇ ಎಂದು ಕೇಳಿ. ಇಲ್ಲವಾದರೆ ಮಗಳೋ ಮೊಮ್ಮಗನೋ ಬಾಯಿಗೆ ಕೈ ಅಡ್ಡ ಹಿಡಿದು ಮನೆಮಾತಿನಲ್ಲಿ ಹತ್ತು ಪದ ಹೇಳಲಿ. ತುಟಿ ಕಾಣಬಾರದು, ಅಷ್ಟೆ.

ಎರಡೂ ಕಿವಿಗೆ ಬೇಕಾ ಎಂದು ಕೇಳುತ್ತೀರಿ. ಎರಡೂ ಮಂದವಾಗಿದ್ದರೆ ಎರಡಕ್ಕೂ ಇದ್ದರೆ ಒಳ್ಳೆಯದು. ರಿಕ್ಷಾ ಯಾವ ಕಡೆಯಿಂದ ಬರುತ್ತಿದೆ ಎಂದು ಒಂದೇ ಕಿವಿಗೆ ತಿಳಿಯುವುದಿಲ್ಲ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ? ಒಂದು ಕಿವಿಗೆ ದುಬಾರಿಯದನ್ನು ಕೊಳ್ಳುವ ಬದಲು ಎರಡಕ್ಕೂ ಸಾಧಾರಣದ್ದು ಕೊಳ್ಳಿ ಎಂದು ನಾನು ಹೇಳುತ್ತೇನೆ. ಇದನ್ನು ಒಪ್ಪದವರೂ ನಮ್ಮ ಕಸುಬಿನಲ್ಲಿ ಇದ್ದಾರೆ.

ಬೆಲೆ ಕೆಲವು ಸಾವಿರದಿಂದ ಲಕ್ಷ ದಾಟುವವರೆಗೂ ಉಂಟು. ಬೆಲೆ ಹೆಚ್ಚುವುದು ಆಕಾರಕ್ಕಿಂತ ಒಳಗಿನ ಚಿಪ್‌ನಿಂದ. ಆಕಾರ ನಿಮ್ಮ ಕಿವಿ, ಬೆರಳು, ಕೆಲಸಕ್ಕೆ ತಕ್ಕಂತೆ ಮೊದಲು ಗೊತ್ತಾಗಲಿ. ಜೇಬು ನೋಡುವುದು ಆಮೇಲೆ. ಪರೀಕ್ಷೆ ಮಾಡುವವರ ಬಳಿ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ನಂಬರು ಇರಬೇಕು. 1992ರ ಕಾನೂನು ಅದನ್ನು ಕಡ್ಡಾಯ ಮಾಡಿದೆ. ನಂಬರು ಕೇಳಲು ಸಂಕೋಚ ಬೇಡ.

ದುಡ್ಡಿನ ತೊಂದರೆ ಇದ್ದವರಿಗೆ ಬಾಂದ್ರಾದಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದೆ. ಮಹಾರಾಷ್ಟ್ರದ ರಾಜ್ಯಪಾಲರಾಗಿದ್ದವರ ಹೆಸರಿನಲ್ಲಿ, 1983ರಲ್ಲಿ ಕೇಂದ್ರ ಸರಕಾರ ಸ್ಥಾಪಿಸಿದ್ದು. ಆದಾಯ ಕಡಿಮೆ ಇರುವವರಿಗೆ ಸರಕಾರದ ಎಡಿಐಪಿ ಯೋಜನೆಯಲ್ಲಿ ಮಿಷಿನು ಸಿಗುತ್ತದೆ. ವಿಕ್ರೋಳಿಯಿಂದ ಸ್ಲೋ ಗಾಡಿಯಲ್ಲಿ ದಾದರ್. ಅಲ್ಲಿ ಸೇತುವೆ ದಾಟಿ ಪಶ್ಚಿಮ ರೈಲ್ವೆಯಲ್ಲಿ ಬಾಂದ್ರಾ. ಸ್ಟೇಷನ್ನಿನಿಂದ ಬಾಂದ್ರಾ ರೆಕ್ಲಮೇಶನ್ ಕಡೆಗೆ ರಿಕ್ಷಾ. ಆಧಾರ್ ಕಾರ್ಡು, ಆದಾಯದ ದಾಖಲೆ, ಹಳೆಯ ಪರೀಕ್ಷೆಯ ಕಾಗದ ಕೈಯಲ್ಲಿರಲಿ. ಊರಿಗೆ ಹೋಗುವವರಿಗೆ ಮೈಸೂರು ಇದೆ, ಮಂಗಳೂರಿನಲ್ಲೂ ವಾಕ್ ಶ್ರವಣ ಕಾಲೇಜುಗಳಿವೆ.

ಕೊನೆಯದಾಗಿ, ಈಗಾಗಲೇ ಮಿಷಿನು ಕೊಂಡು ಒಳಗೆ ಇಟ್ಟುಬಿಟ್ಟವರಿಗೆ. ನಿಮ್ಮ ಸಂಖ್ಯೆ ದೊಡ್ಡದು. ಅದನ್ನು ಹೊರಗೆ ತೆಗೆಯಿರಿ. ಗೂಡಿನಲ್ಲಿ ಸೆಲ್ ಸೋರಿ ಹಸುರು ಕಟ್ಟಿದೆಯೇ ನೋಡಿ. ಪರೀಕ್ಷೆಗೆ ಬರುವಾಗ ಜೊತೆಗೆ ತನ್ನಿ. ಸಿಳ್ಳೆ ಹಾಕುತ್ತಿತ್ತೇ, ಸ್ವರ ಗುಂಯ್ ಎನ್ನುತ್ತಿತ್ತೇ, ಸೆಲ್ ಹಾಕಲು ಕೈ ಬರಲಿಲ್ಲವೇ, ಯಾವುದಕ್ಕೆ ಬಿಟ್ಟಿರಿ ಎಂದು ನೆನಪು ಮಾಡಿಕೊಂಡು ಬನ್ನಿ. ಸಿಳ್ಳೆಯಾಗಿದ್ದರೆ ಕೆಲವೊಮ್ಮೆ ಹೊಸ ಮೋಲ್ಡ್ ಒಂದೇ ಸಾಕಾಗುತ್ತದೆ. ಗುಂಯ್ ಎನ್ನುವುದಕ್ಕೆ ಮೋಲ್ಡಿನಲ್ಲಿ ಗಾಳಿಯಾಡುವ ತೂತು ದೊಡ್ಡದು ಮಾಡಿ ನೋಡಬಹುದು. ಕೈ ಬಾರದ ತೊಂದರೆಯಾಗಿದ್ದರೆ ಮಾತ್ರ ಮಿಷಿನಿನ ಆಕಾರವನ್ನೇ ಬದಲಿಸಬೇಕಾಗುತ್ತದೆ.